‘ಲೈಪೋಮಾ’ ಅಂತ ಕಳಿಸಿದ ಗಂಟಿಗೆ ರಿಪೋರ್ಟಿನಲ್ಲಿ ಬೇರೆ ಹೆಸರು ಬಂದರೆ ಎಷ್ಟು ಹೆದರಬೇಕು?

ಕುಂದಾಪುರ ಜಿಪಿ

ಚರ್ಮದ ಅಡಿಯ ಕೊಬ್ಬಿನ ಗಂಟುಗಳ ಬಗ್ಗೆ ಒಂದು ಚರ್ಚೆ ಆಗಬೇಕಿತ್ತು. ಕ್ಲಿನಿಕ್ಕಿನಿಂದ ಎಲ್ಲವನ್ನೂ ಲೈಪೋಮಾ (ಕೊಬ್ಬಿನ ಸಾದಾ ಗಂಟು, ಕ್ಯಾನ್ಸರ್ ಅಲ್ಲ) ಅಂತ ಬರೆದು ಕಳಿಸುವುದು, ಆಮೇಲೆ ರಿಪೋರ್ಟಿನಲ್ಲಿ ಸ್ಪಿಂಡಲ್ ಸೆಲ್, ಆಂಜಿಯೋ, ಹೈಬರ್ನೋಮಾ, ಅಟಿಪಿಕಲ್ ಅಂತ ಏನೇನೋ ಬರುವುದು. ಮನೆಯವರು ಕಾಗದ ಹಿಡಿದುಕೊಂಡು ಬಂದು ಕೇಳುವುದು ಒಂದೇ: “ಕ್ಯಾನ್ಸರಾ ಡಾಕ್ಟ್ರೇ?”

ಎರಡು ಉದಾಹರಣೆ ಇಟ್ಟುಕೊಳ್ಳೋಣ. ಒಂದು, 58ರ ಗಂಡಸು, ಕುತ್ತಿಗೆಯ ಹಿಂದೆ 4 ಸೆಂ.ಮೀ. ಗಂಟು, ತೆಗೆದಾಗಿದೆ, ರಿಪೋರ್ಟು ‘ಸ್ಪಿಂಡಲ್ ಸೆಲ್ ಲೈಪೋಮಾ’. ಇನ್ನೊಂದು, 61ರ ಹೆಂಗಸು, ತೊಡೆಯ ಆಳದಲ್ಲಿ 11 ಸೆಂ.ಮೀ., ನೋವಿಲ್ಲ, ಸೂಜಿ ಪರೀಕ್ಷೆಯಲ್ಲಿ ‘ಲೈಪೋಮಾಕ್ಕೆ ಹೊಂದುತ್ತದೆ’. ಯಾವುದಕ್ಕೆ ಸುಮ್ಮನಿರಬಹುದು, ಯಾವುದಕ್ಕೆ ಓಡಬೇಕು?

ಬೆಂಚಿನ ಮೈಕ್ರೋಸ್ಕೋಪು

ಸ್ಲೈಡು ಓದುವ ಪೆಥಾಲಜಿಸ್ಟ್ ಆಗಿ ಹೇಳ್ತೇನೆ. ಹೆಸರು ಕೇಳಿ ಹೆದರುವುದಾದರೆ ಎರಡೂ ತಲೆಕೆಳಗಾಗ್ತದೆ. ಮೊದಲನೆಯವರು ಹೊಲಿಗೆ ಬಿಚ್ಚಿಸಿ ಮನೆಗೆ ಹೋಗಬಹುದು. ಎರಡನೆಯವರ ತನಿಖೆ ಇನ್ನೂ ಶುರುವೇ ಆಗಿಲ್ಲ.

ಸ್ಪಿಂಡಲ್ ಸೆಲ್ ಲೈಪೋಮಾದ ವಿಳಾಸ ಖಾಯಂ: ಕುತ್ತಿಗೆಯ ಹಿಂಭಾಗ, ಹೆಗಲು, ಬೆನ್ನಿನ ಮೇಲ್ಭಾಗ. ಹೆಚ್ಚಾಗಿ 45 ದಾಟಿದ ಗಂಡಸರು. 1975ರಲ್ಲಿ ಪ್ರತ್ಯೇಕ ಗಡ್ಡೆಯೆಂದು ಗುರುತಿಸಿದ್ದು. ಸ್ಲೈಡಿನಲ್ಲಿ ಕೊಬ್ಬಿನ ಕೋಶಗಳ ನಡುವೆ ಒಂದೇ ತೆರನಾದ ಕದಿರಿನಾಕಾರದ ಕೋಶಗಳು, ಅವುಗಳ ಜೊತೆ ದಪ್ಪ ಕೊಲಾಜನ್ ಎಳೆಗಳು, ತೆಂಗಿನ ನಾರಿನ ಹಗ್ಗ ಬಿಚ್ಚಿ ಹರಡಿದ ಹಾಗೆ. ಸಿಡಿ34 ಎಂಬ ಗುರುತು ಪ್ರೋಟೀನಿನ ಬಣ್ಣ ಗಾಢವಾಗಿ ಹತ್ತುತ್ತದೆ, ಆರ್‌ಬಿ ಪ್ರೋಟೀನು ಕಾಣುವುದಿಲ್ಲ, ಯಾಕೆಂದರೆ 13ನೇ ಕ್ರೋಮೋಸೋಮಿನಲ್ಲಿ ಆ ಜೀನು ಕಳೆದುಹೋಗಿರುತ್ತದೆ. ಇದರದೇ ಅಣ್ಣತಮ್ಮ ಪ್ಲಿಯೋಮಾರ್ಫಿಕ್ ಲೈಪೋಮಾ. ಅದರಲ್ಲಿ ದೊಡ್ಡ ಕೋಶದ ಅಂಚಿಗೆ ನ್ಯೂಕ್ಲಿಯಸ್‌ಗಳು ಮಲ್ಲಿಗೆ ಚೆಂಡು ಸುತ್ತಿಟ್ಟ ಹಾಗೆ ಕೂತಿರುತ್ತವೆ. ನೋಡಿದ ಕೂಡಲೇ ಸಾರ್ಕೋಮಾ (ಕೊಬ್ಬು, ಸ್ನಾಯುವಿನಂಥ ಅಂಗಾಂಶದ ಕ್ಯಾನ್ಸರ್) ಅಂತ ಬರೆಯಲು ಕೈ ಹೋಗುವುದು ಇಲ್ಲಿಯೇ. ಜಾಗ ಕುತ್ತಿಗೆಯ ಹಿಂದೆ, ಚರ್ಮದ ಕೆಳಗೇ ಇದೆ ಎಂದು ಕೋರಿಕೆ ಪತ್ರದಲ್ಲಿ ಬರೆದಿದ್ದರೆ ಆ ತಪ್ಪು ಆಗುವುದಿಲ್ಲ. ತೆಗೆದರೆ ಮುಗಿಯಿತು, ಮರಳುವುದು ಅಪರೂಪ.

ಆಂಜಿಯೋಲೈಪೋಮಾ ಇನ್ನೂ ಸುಲಭ. ಹದಿಹರೆಯ ಕಳೆದ ಹುಡುಗರು, ಮುಂಗೈಯಲ್ಲಿ ಒಂದಲ್ಲ ಹಲವು, ಹೆಚ್ಚಿನವು 2 ಸೆಂ.ಮೀ. ಒಳಗೆ, ಮುಟ್ಟಿದರೆ ನೋವು. ಸಣ್ಣ ರಕ್ತನಾಳಗಳಲ್ಲಿ ಹೆಪ್ಪುಗಟ್ಟಿದ ಫೈಬ್ರಿನ್ ಕಂಡರೆ ಅದೇ ಗುರುತು. ಕ್ಯಾನ್ಸರ್ ಆಗಿ ಬದಲಾಗುವ ಮಾತೇ ಇಲ್ಲ. ಇದನ್ನು ಸ್ನಾಯುವಿನೊಳಗಿನ ಹೆಮಾಂಜಿಯೋಮಾದ (ರಕ್ತನಾಳದ ಗಡ್ಡೆ) ಜೊತೆ ಕಲಸಬೇಡಿ. ಹಳೆಯ ಪುಸ್ತಕಗಳಲ್ಲಿ ಅದಕ್ಕೂ ‘ಒಳನುಗ್ಗುವ ಆಂಜಿಯೋಲೈಪೋಮಾ’ ಎಂಬ ಹೆಸರು ಇತ್ತು. ಅದು ಬೇರೆ ಕಾಯಿಲೆ, ಬಿಟ್ಟುಬಿಟ್ಟು ಮತ್ತೆ ಬರುವಂಥದ್ದು.

ಎಳೆ ಸರ್ಜನ್

ಮೇಡಂ, ಹೈಬರ್ನೋಮಾ ಬಿಟ್ರಿ.

ಬೆಂಚಿನ ಮೈಕ್ರೋಸ್ಕೋಪು

ಹಾಂ. ಕಂದು ಕೊಬ್ಬಿನ ಗಡ್ಡೆ. ಬೆನ್ನಿನಲ್ಲಿ ಮಾತ್ರ ಬರುವುದು ಅಂತ ನೆನಪಿಟ್ಟುಕೊಂಡವರು ಜಾಸ್ತಿ, ನಿಜವಾಗಿ ತೊಡೆಯಲ್ಲೇ ಹೆಚ್ಚು. 30–40ರ ವಯಸ್ಸು. ಕತ್ತರಿಸಿದರೆ ಹಳದಿ ಅಲ್ಲ, ಕಂದು. ರಕ್ತನಾಳ ಜಾಸ್ತಿ, ಹಾಗಾಗಿ ದಪ್ಪ ಸೂಜಿ ಹಾಕಿದರೆ ರಕ್ತ ನಿಲ್ಲಿಸಲಿಕ್ಕೆ ಒತ್ತಿ ಹಿಡಿಯಬೇಕಾಗ್ತದೆ. ಬೇರೆ ಕಾಯಿಲೆಗೆ ಪೆಟ್ ಸ್ಕ್ಯಾನ್ ಮಾಡಿಸಿದಾಗ ಕೆಂಡದ ಹಾಗೆ ಹೊಳೆದು ಎಲ್ಲರ ನಿದ್ದೆಗೆಡಿಸುವುದು ಇದೇ. ಕಂದು ಕೊಬ್ಬು ಗ್ಲೂಕೋಸ್ ಉರಿಸುವುದರಿಂದ ಹಾಗೆ, ದುಷ್ಟತನದಿಂದ ಅಲ್ಲ. ಪೂರ್ತಿ ತೆಗೆದರೆ ಮರಳುವುದಿಲ್ಲ.

ಕಾಂಡ್ರಾಯ್ಡ್ ಲೈಪೋಮಾ ಅಂತ ಇನ್ನೊಂದು ಉಂಟು, ತೀರಾ ಅಪರೂಪ. ಹೆಂಗಸರಲ್ಲಿ ಹೆಚ್ಚು, ತೋಳು–ತೊಡೆಯ ಮೇಲ್ಭಾಗ, ಹೆಗಲು, ಸೊಂಟದ ಸುತ್ತ. ಸಾದುವೇ, ಅಂದರೆ ಕ್ಯಾನ್ಸರ್ ಅಲ್ಲ, ಆದರೆ ಸ್ಲೈಡಿನಲ್ಲಿ ಮಿಕ್ಸಾಯ್ಡ್ ಲೈಪೋಸಾರ್ಕೋಮಾದ (ಲೋಳೆಯಂಥ ಕೊಬ್ಬಿನ ಕ್ಯಾನ್ಸರ್) ವೇಷ ಹಾಕಿರುತ್ತದೆ. ಇದೊಂದರಲ್ಲಿ ಎರಡನೇ ಅಭಿಪ್ರಾಯ ಕೇಳುವುದಕ್ಕೆ ನಾಚಿಕೆ ಪಡಬಾರದು.

ಕಪ್ಪುಬಿಳುಪು ಫಿಲ್ಮ್

ಸ್ಕ್ಯಾನಿನ ಬಗ್ಗೆ ಹೇಳ್ತೇನೆ. ಎಲ್ಲಾ ಗಂಟಿಗೂ ಎಂಆರ್‌ಐ ಬರೆಯುವವರಿದ್ದಾರೆ, ಯಾವುದಕ್ಕೂ ಬರೆಯದವರೂ ಇದ್ದಾರೆ. ಎರಡೂ ಸರಿಯಲ್ಲ ಮಾರಾಯ್ರೆ.

ಸ್ಕ್ಯಾನಿಗಿಂತ ಮುಂಚೆ ಒಂದು ಕೈಪರೀಕ್ಷೆ. ತೊಡೆಯ ಗಂಟಾದರೆ ಮಲಗಿಸಿ, ಮಂಡಿ ಮಡಚದೆ ಹಿಮ್ಮಡಿ ಒಂದು ಗೇಣು ಎತ್ತಿ ಹಿಡಿಯಲಿಕ್ಕೆ ಹೇಳಿ. ಬೆನ್ನಿನದಾದರೆ ಎರಡೂ ಕೈಯಲ್ಲಿ ಗೋಡೆ ದೂಡಲಿಕ್ಕೆ ಹೇಳಿ. ಸ್ನಾಯು ಬಿಗಿಯಾದಾಗ ಗಂಟು ಇನ್ನಷ್ಟು ಎದ್ದು ಕಂಡು, ಮೊದಲಿನ ಹಾಗೆಯೇ ಜಾರಿದರೆ ಅದು ಸ್ನಾಯುವಿನ ಪೊರೆಯ ಮೇಲೆ ಇದೆ. ಅಲ್ಲಾಡದೆ ನಿಂತರೆ ಅಥವಾ ಮರೆಯಾದರೆ ಪೊರೆಯ ಅಡಿ ಅಥವಾ ಸ್ನಾಯುವಿನ ಒಳಗೆ. ಈ ಅರ್ಧ ನಿಮಿಷದ ಪರೀಕ್ಷೆ ಮಾಡದೆ ‘ಚರ್ಮದಡಿಯ ಗಂಟು’ ಅಂತ ಬರೆದು ಕಳಿಸಿದವು ಎಷ್ಟೋ ಆಳದವೇ ಆಗಿರ್ತವೆ.

5 ಸೆಂ.ಮೀ.ಗಿಂತ ದೊಡ್ಡದು, ಬೆಳೆಯುತ್ತಾ ಇರುವುದು, ಪೊರೆಯ ಅಡಿ ಇರುವುದು, ಒಮ್ಮೆ ತೆಗೆದಲ್ಲೇ ಮತ್ತೆ ಬಂದದ್ದು: ಇವುಗಳಲ್ಲಿ ಒಂದಿದ್ದರೂ ಕತ್ತಿ ಎತ್ತುವ ಮೊದಲು ಸ್ಕ್ಯಾನ್. ನೋವು ಒಂಟಿಯಾಗಿ ಇದ್ದರೆ ಅಷ್ಟು ಬೆಲೆ ಕೊಡಬೇಡಿ, ಆಂಜಿಯೋಲೈಪೋಮಾನೂ ನೋಯುತ್ತದೆ. ಚರ್ಮದಡಿಯ ಸಣ್ಣದಕ್ಕೆ ಅಲ್ಟ್ರಾಸೌಂಡ್ ಸಾಕು: ಗಡ್ಡೆಯ ಒಳಗಿನ ಬಿಳಿ ಗೆರೆಗಳು ಚರ್ಮಕ್ಕೆ ಸಮಾನಾಂತರ, ಪ್ರೋಬಿನಲ್ಲಿ ಒತ್ತಿದರೆ ತಗ್ಗುತ್ತದೆ, ಡಾಪ್ಲರಿನಲ್ಲಿ ರಕ್ತ ಹರಿವು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಎಂಆರ್‌ಐಯಲ್ಲಿ ಸಾದಾ ಲೈಪೋಮಾ ಪಕ್ಕದ ಚರ್ಮದಡಿಯ ಕೊಬ್ಬಿನ ಜೊತೆಗೇ ಬೆಳಗುತ್ತದೆ, ಕೊಬ್ಬು ಅಡಗಿಸುವ ಸೀಕ್ವೆನ್ಸಿನಲ್ಲಿ ಅದರ ಜೊತೆಗೇ ಕಪ್ಪಾಗುತ್ತದೆ. ಒಳಗಿನ ಗೋಡೆಗಳು 2 ಮಿ.ಮೀ.ಗಿಂತ ದಪ್ಪ, ಕೊಬ್ಬಲ್ಲದ ಗಂಟು ಗಂಟು ಭಾಗ, ಅಳತೆ 10 ಸೆಂ.ಮೀ. ದಾಟಿದ್ದು, ವಯಸ್ಸು 60 ಮೀರಿದ್ದು: ಇಲ್ಲೆಲ್ಲ ಅಟಿಪಿಕಲ್ ಲೈಪೋಮಾಟಸ್ ಟ್ಯೂಮರ್ (ಲೈಪೋಮಾದ ಹಾಗೇ ಕಾಣುವ, ಆದರೆ ಸಾದಾ ಅಲ್ಲದ ಕೊಬ್ಬಿನ ಗಡ್ಡೆ) ಮನಸ್ಸಿಗೆ ಬರಬೇಕು. ನಿಮ್ಮ ಎರಡನೇ ಉದಾಹರಣೆಯಲ್ಲಿ ವಯಸ್ಸು, ಆಳ, ಅಳತೆ ಮೂರೂ ಉಂಟು.

ಒಂದು ದೊಡ್ಡ ಗುಂಡಿ ಹೇಳಿಬಿಡ್ತೇನೆ. ಮಿಕ್ಸಾಯ್ಡ್ ಲೈಪೋಸಾರ್ಕೋಮಾದಲ್ಲಿ ಕೊಬ್ಬು ಕಾಣುವುದು ಸ್ವಲ್ಪವೇ, ಎಷ್ಟೋ ಸಲ ಕಾಣುವುದೇ ಇಲ್ಲ. ಎಂಆರ್‌ಐಯ ಟಿ2 ಚಿತ್ರದಲ್ಲಿ ನೀರಿನ ಹಾಗೆ ಬೆಳ್ಳಗೆ, ಅಲ್ಟ್ರಾಸೌಂಡಿನಲ್ಲಿಯೂ ನೀರುಗುಳ್ಳೆಯ ಹಾಗೆ. ಕಾಂಟ್ರಾಸ್ಟ್ ಹಾಕದೆ ‘ಸಿಸ್ಟ್’ ಅಂತ ರಿಪೋರ್ಟು ಹೋದರೆ ಯಾರೋ ಸೂಜಿ ಚುಚ್ಚಿ ನೀರು ತೆಗೆಯಲಿಕ್ಕೆ ಹೊರಡುತ್ತಾರೆ. ತೊಡೆಯ ಆಳದ ‘ಸಿಸ್ಟ್’ಗೆ ಕಾಂಟ್ರಾಸ್ಟ್ ಕೇಳಿ. ಸಿಸ್ಟ್ ಆದರೆ ಅಂಚು ಮಾತ್ರ ಬೆಳಗುತ್ತದೆ, ಗಡ್ಡೆಯಾದರೆ ಒಳಗೆಲ್ಲ.

ಪಡುಬಿದ್ರಿ ಓದುಗ

ನಾನು ಡಾಕ್ಟರಲ್ಲ, ಮನೆಯವರ ಪರವಾಗಿ ಕೇಳುವುದು. ಸೂಜಿ ಪರೀಕ್ಷೆಯಲ್ಲೇ ಲೈಪೋಮಾ ಅಂತ ಬಂದ ಮೇಲೆ ಪುನಃ ಎಂಆರ್‌ಐ, ಪುನಃ ದಪ್ಪ ಸೂಜಿ ಅಂತ ಯಾಕೆ? ದುಡ್ಡು ಎಲ್ಲಿಂದ ತರುವುದು?

ಬೆಂಚಿನ ಮೈಕ್ರೋಸ್ಕೋಪು

ನ್ಯಾಯವಾದ ಪ್ರಶ್ನೆ. ಸಣ್ಣ ಸೂಜಿಯಲ್ಲಿ ಬರುವುದು ಬಿಡಿಬಿಡಿ ಕೊಬ್ಬಿನ ಕೋಶಗಳು. ಮಾಮೂಲಿ ಕೊಬ್ಬು, ಲೈಪೋಮಾ, ಅಟಿಪಿಕಲ್ ಲೈಪೋಮಾಟಸ್ ಟ್ಯೂಮರ್ ಮೂರರಿಂದಲೂ ಅದೇ ಬರಬಹುದು. ಸೂಜಿ ಗಡ್ಡೆಗೆ ತಾಗದೆ ಮೇಲಿನ ಚರ್ಮದಡಿಯ ಕೊಬ್ಬು ಬಂದರೂ ರಿಪೋರ್ಟು ‘ಲೈಪೋಮಾಕ್ಕೆ ಹೊಂದುತ್ತದೆ’ ಎಂದೇ. ಆ ವಾಕ್ಯದ ಅರ್ಥ “ಕೊಬ್ಬು ಕಂಡಿತು” ಅಂತ, ಅಷ್ಟೆ. ಬೆನ್ನಿನ ಮೇಲಿನ 3 ಸೆಂ.ಮೀ. ಜಾರುವ ಗಂಟಿಗೆ ಅಷ್ಟು ಸಾಕು, ಎಂಆರ್‌ಐ ದಂಡ. ತೊಡೆಯ ಆಳದ್ದಕ್ಕೆ ಸಾಲುವುದಿಲ್ಲ.

ಕುಂದಾಪುರ ಜಿಪಿ

ದುಡ್ಡಿನ ವಿಷಯಕ್ಕೆ: ಬಿಪಿಎಲ್ ಕಾರ್ಡು ಇದ್ದರೆ ನೇರ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಮಂಗಳೂರಿನ ವೆನ್ಲಾಕಿನಲ್ಲೋ ಉಡುಪಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಲ್ಲೋ ತೋರಿಸಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಕೇಳುತ್ತಾರೆ. ಆಪರೇಷನ್ ಆದ ಮೇಲೆ ಆ ಕಾಗದಕ್ಕೆ ಓಡಾಡಿ ಪ್ರಯೋಜನ ಇಲ್ಲ.

ಎಳೆ ಸರ್ಜನ್

ಅಟಿಪಿಕಲ್ ಲೈಪೋಮಾಟಸ್ ಟ್ಯೂಮರ್ ಅಂತಲೂ ವೆಲ್ ಡಿಫರೆನ್ಶಿಯೇಟೆಡ್ ಲೈಪೋಸಾರ್ಕೋಮಾ ಅಂತಲೂ ಒಂದೇ ಗಡ್ಡೆಗೆ ಎರಡು ಹೆಸರು ಯಾಕೆ ಇಟ್ಟುಕೊಂಡಿದ್ದಾರೆ? ವೈವಾದಲ್ಲಿ (ಬಾಯಿ ಪರೀಕ್ಷೆ) ಯಾವುದು ಹೇಳಿದರೂ ಬೈಗುಳ.

ಬೆಂಚಿನ ಮೈಕ್ರೋಸ್ಕೋಪು

ಗಡ್ಡೆ ಒಂದೇ, ಜಾಗ ಬೇರೆ. ಸ್ಲೈಡು ಒಂದೇ, 12ನೇ ಕ್ರೋಮೋಸೋಮಿನ ಉದ್ದ ತೋಳಿನಲ್ಲಿ ಎಂಡಿಎಂ2, ಸಿಡಿಕೆ4 ಜೀನುಗಳು ಹಲವು ಪಟ್ಟು ಹೆಚ್ಚಿರುವುದೂ ಒಂದೇ. ಕೈಕಾಲಿನಲ್ಲಿ ಇದ್ದರೆ ಸರ್ಜನ್ ಪೂರ್ತಿ ತೆಗೆಯಬಲ್ಲ. ತಾನಾಗಿ ಬೇರೆ ಕಡೆ ಹರಡುವುದಿಲ್ಲ. ಹಾಗಾಗಿ ಸಾರ್ಕೋಮಾ ಎಂಬ ಶಬ್ದ ಹಚ್ಚಿ ಕಾಲು ಕತ್ತರಿಸುವ ಹಾಗೆ ಮಾಡಬಾರದು ಅಂತ ‘ಅಟಿಪಿಕಲ್’ ಹೆಸರು. ಹೊಟ್ಟೆಯ ಹಿಂಭಾಗದಲ್ಲಿ, ಮೂತ್ರಪಿಂಡದ ಸುತ್ತ ಇದ್ದರೆ ಪೂರ್ತಿ ತೆಗೆಯುವುದು ಕಷ್ಟ, ಮತ್ತೆ ಮತ್ತೆ ಬಂದು ಅದರಲ್ಲೇ ಜೀವ ಹೋಗಬಹುದು. ಅಲ್ಲಿ ಲೈಪೋಸಾರ್ಕೋಮಾ ಅಂತಲೇ ಕರೆಯಬೇಕು. ಡಿಡಿಫರೆನ್ಶಿಯೇಟ್ ಆಗುವ ಅಪಾಯ, ಅಂದರೆ ಕೊಬ್ಬಿನ ಗುಣ ಬಿಟ್ಟು ಹರಡುವ ಸಾರ್ಕೋಮಾ ಆಗುವುದು, ಕೈಕಾಲಿನಲ್ಲಿ ಶೇ. 2ಕ್ಕಿಂತ ಕಡಿಮೆ, ಹೊಟ್ಟೆಯ ಹಿಂದೆ ಶೇ. 20ಕ್ಕಿಂತ ಹೆಚ್ಚು. ವೈವಾದಲ್ಲಿ ಹೆಸರಿನ ಜೊತೆ ಜಾಗವನ್ನೂ ಹೇಳಿ, ಬೈಗುಳ ನಿಲ್ಲುತ್ತದೆ.

ಎಂಡಿಎಂ2ಗೆ ಫಿಶ್ ಪರೀಕ್ಷೆ (ಜೀನಿನ ಪ್ರತಿಗಳನ್ನು ಹೊಳೆಯುವ ಚುಕ್ಕೆಗಳಾಗಿ ಎಣಿಸುವುದು) ಪ್ರತಿಯೊಂದಕ್ಕೂ ಬೇಡ. ಸ್ಲೈಡಿನಲ್ಲಿ ಅನುಮಾನದ ನ್ಯೂಕ್ಲಿಯಸ್ ಕಂಡದ್ದು, ಮರುಕಳಿಸಿದ್ದು, 50 ದಾಟಿದವರ ಕೈಕಾಲಿನ ಆಳದ 10 ಸೆಂ.ಮೀ. ಮೀರಿದ್ದು, ಹೊಟ್ಟೆಯ ಹಿಂದಿನದ್ದು: ಇಂಥವಕ್ಕೆ ಮಾಡಿಸಿ. ಎಂಡಿಎಂ2 ಸಂಕೇತಗಳನ್ನು 12ನೇ ಕ್ರೋಮೋಸೋಮಿನ ಸೆಂಟ್ರೋಮಿಯರ್ ಸಂಕೇತಗಳಿಂದ ಭಾಗಿಸಿದಾಗ 2 ಅಥವಾ ಹೆಚ್ಚು ಬಂದರೆ ಪಾಸಿಟಿವ್. ಪ್ರೋಟೀನು ತೋರಿಸುವ ಇಮ್ಯುನೋ ಬಣ್ಣ ಮಾತ್ರ ನಂಬಿದರೆ ಮೋಸ ಹೋಗಬಹುದು: ಕೊಬ್ಬು ಸತ್ತ ಜಾಗದಲ್ಲಿ ಕಸ ತಿನ್ನಲು ಸೇರುವ ಮ್ಯಾಕ್ರೋಫೇಜ್ ಕೋಶಗಳಿಗೂ ಎಂಡಿಎಂ2 ಬಣ್ಣ ಹತ್ತುತ್ತದೆ.

ಇದರ ಜೊತೆ ಗೊಂದಲ ಆಗುವ ಇನ್ನೊಂದನ್ನು ವಿಶ್ವ ಆರೋಗ್ಯ ಸಂಸ್ಥೆಯ 2020ರ ವರ್ಗೀಕರಣ ಬೇರೆ ಮಾಡಿ ಸಾದು ಗುಂಪಿಗೆ ಹಾಕಿದೆ: ಅಟಿಪಿಕಲ್ ಸ್ಪಿಂಡಲ್ ಸೆಲ್/ಪ್ಲಿಯೋಮಾರ್ಫಿಕ್ ಲೈಪೋಮಾಟಸ್ ಟ್ಯೂಮರ್. ಹೆಸರಿನಲ್ಲಿ ಅಟಿಪಿಕಲ್ ಇದ್ದರೂ ಎಂಡಿಎಂ2 ಹೆಚ್ಚಿರುವುದಿಲ್ಲ. ಅಂಚು ಸ್ಪಷ್ಟ ಇಲ್ಲದ ಕಾರಣ ಪೂರ್ತಿ ತೆಗೆಯದಿದ್ದರೆ ಶೇ. 10–15ರಷ್ಟು ಅದೇ ಜಾಗದಲ್ಲಿ ಮರಳಬಹುದು, ಹರಡುವುದಿಲ್ಲ. ಕೈ, ಪಾದ, ತೊಡೆಯಲ್ಲಿ ಕಾಣುವುದು ಹೆಚ್ಚು.

ಕತ್ತರಿ ಫೋರ್ಸೆಪ್ಸ್

ಮೇಡಂ ಜಾಗ ಜಾಗ ಅಂತ ಹೇಳ್ತಾ ಇದ್ದಾರಲ್ಲ, ಮೈನರ್ ಓಟಿಯಲ್ಲೂ (ಸಣ್ಣ ಆಪರೇಷನ್ ಕೋಣೆ) ಅದೇ. ಸುಲಭ ಅಂತ ಕಂಡು ಕೈ ಸುಟ್ಟುಕೊಳ್ಳುವ ಮೂರು ಜಾಗ ಹೇಳ್ತೇನೆ.

ಹಣೆ. ಅಲ್ಲಿನ ಲೈಪೋಮಾ ಎಷ್ಟೋ ಸಲ ಫ್ರಾಂಟಾಲಿಸ್ ಸ್ನಾಯುವಿನ ಅಡಿ, ಎಲುಬಿನ ಮೇಲೆ ಇರುತ್ತದೆ. ಚರ್ಮ ಕೊಯ್ದ ಕೂಡಲೇ ಕಾಣದಿದ್ದರೆ ಗಾಬರಿಯಾಗಿ ಸುತ್ತ ಕೆದಕಬೇಡಿ. ಸ್ನಾಯುವಿನ ನಾರುಗಳನ್ನು ಅವುಗಳದೇ ದಿಕ್ಕಿನಲ್ಲಿ ಬಿಡಿಸಿದರೆ ಅಡಿಯಲ್ಲಿ ಸಿಗುತ್ತದೆ. ಅಡ್ಡ ಕತ್ತರಿಸಿದರೆ ಹಣೆಯ ಮರಗಟ್ಟುವಿಕೆ ಉಳಿದುಬಿಡಬಹುದು.

ಮಗುವಿನ ಸೊಂಟದ ನಡುಗೆರೆ. ಬೆನ್ನುಹುರಿಯ ಸಾಲಿನಲ್ಲಿ ಕೊಬ್ಬಿನ ಗಂಟು, ಮೇಲೆ ಕೂದಲಿನ ಗುಚ್ಛ ಅಥವಾ ಕೆಂಪು ಮಚ್ಚೆ ಅಥವಾ ಚಿಕ್ಕ ಕುಳಿ. ಅದು ಒಳಗೆ ಬೆನ್ನುಹುರಿಗೆ ಅಂಟಿರಬಹುದು. ಎಂಆರ್‌ಐ ಇಲ್ಲದೆ ಮುಟ್ಟಲೇಬೇಡಿ, ನ್ಯೂರೋಸರ್ಜನ್ ಹತ್ತಿರ ಕಳಿಸಿ.

ಅಂಗೈ ಮತ್ತು ಮಣಿಕಟ್ಟು. ಬೆರಳು ದಪ್ಪ, ಅಂಗೈಯಲ್ಲಿ ಮೆತ್ತಗಿನ ಊತ, ಹೆಬ್ಬೆರಳಿನ ಕಡೆ ಜುಮು ಜುಮು. ಮೀಡಿಯನ್ ನರದ ಒಳಗೇ ಕೊಬ್ಬು ತುಂಬಿರುವ ನರದ ಲೈಪೋಮಾಟೋಸಿಸ್ ಆಗಿರಬಹುದು. ಎಂಆರ್‌ಐಯ ಅಡ್ಡ ಕೊಯ್ತದಲ್ಲಿ ಟಿವಿ ಕೇಬಲ್ ಕತ್ತರಿಸಿದ ಹಾಗೆ ಕಾಣ್ತದೆ. ಗಡ್ಡೆ ಅಂತ ತೆಗೆಯಲಿಕ್ಕೆ ಹೋದರೆ ನರವೇ ಕೈಗೆ ಬರ್ತದೆ. ಕಾರ್ಪಲ್ ಟನಲ್ (ಮಣಿಕಟ್ಟಿನಲ್ಲಿ ನರ ಹಾಯುವ ಸುರಂಗ) ಬಿಡಿಸಿ ಒತ್ತಡ ಇಳಿಸಿದರೆ ಸಾಕು.

ಇನ್ನು ಜಾಗ ಮರಗಟ್ಟಿಸುವ ಔಷಧ ಲಿಗ್ನೋಕೇನ್. ಅಡ್ರಿನಲಿನ್ ಸೇರಿದ್ದಕ್ಕೆ ಕೆಜಿಗೆ 7 ಮಿ.ಗ್ರಾಂ., ಒಟ್ಟು 500 ದಾಟಬಾರದು; ಸಾದಾ ಆದರೆ 4.5, ಒಟ್ಟು 300. ಶೇ. 2ರ 30 ಮಿ.ಲೀ. ಬಾಟಲಿಯಲ್ಲಿ 600 ಮಿ.ಗ್ರಾಂ. ಉಂಟು, ಅಂದರೆ ಒಂದು ಬಾಟಲಿ ಪೂರ್ತಿ ಯಾರಿಗೂ ಹಾಕುವಂತಿಲ್ಲ. 50 ಕೆಜಿಯವರಿಗೆ ಅಡ್ರಿನಲಿನ್ ಜೊತೆ 350, ಅಂದರೆ ಶೇ. 2ರದ್ದು 17.5 ಮಿ.ಲೀ. ಬೆನ್ನಿನ ದೊಡ್ಡ ಗಂಟಿಗೆ ಅಷ್ಟು ಸಾಲದು ಅನಿಸಿದರೆ ಸಮಪಾಲು ಸಲೈನ್ ಸೇರಿಸಿ ಶೇ. 1 ಮಾಡಿಕೊಳ್ಳಿ, 35 ಮಿ.ಲೀ. ಆಗ್ತದೆ. ತೆಗೆದ ಮೇಲಿನ ಖಾಲಿ ಜಾಗವನ್ನು ಒಳಹೊಲಿಗೆಯಿಂದ ಮುಚ್ಚಿ, ಮೇಲೆ ಒತ್ತುಪಟ್ಟಿ ಕಟ್ಟಿ. ಇಲ್ಲದಿದ್ದರೆ ನಾಲ್ಕನೇ ದಿನ ನೀರು ತುಂಬಿ “ಗಂಟು ವಾಪಸ್ ಬಂತು” ಅಂತ ಬರ್ತಾರೆ.

ಎಳೆ ಸರ್ಜನ್

> ಕತ್ತಿ ಎತ್ತುವ ಮೊದಲು ಸ್ಕ್ಯಾನ್

ಆಮೇಲೆ ಟ್ರೂಕಟ್‌ನ (ದಪ್ಪ ಸೂಜಿಯ ಬಯಾಪ್ಸಿ) ದಾರಿ ಹೇಗೆ ಹಾಕುವುದು?

ಕತ್ತರಿ ಫೋರ್ಸೆಪ್ಸ್

14 ಅಥವಾ 16 ಗೇಜ್, ಅಲ್ಟ್ರಾಸೌಂಡ್ ನೋಡಿಕೊಂಡು, ಎಂಆರ್‌ಐಯಲ್ಲಿ ಕೊಬ್ಬಲ್ಲದ ಭಾಗ ಕಂಡಲ್ಲಿಗೇ ಗುರಿ. ಬರೀ ಹಳದಿ ಕೊಬ್ಬಿನ ಭಾಗದಿಂದ ತೆಗೆದು ‘ಲೈಪೋಮಾ’ ಅಂತ ಬಂದರೆ ಅದು ನಮ್ಮದೇ ತಪ್ಪು. ಸೂಜಿಯ ರಂಧ್ರ ಮುಂದೆ ಕೊಯ್ಯುವ ಗೆರೆಯ ಮೇಲೇ ಇರಬೇಕು, ಆ ದಾರಿಯನ್ನೂ ಗಡ್ಡೆಯ ಜೊತೆ ತೆಗೆಯಬೇಕಾಗ್ತದೆ. ಕೈಕಾಲಿನಲ್ಲಿ ಕೊಯ್ತ ಉದ್ದಕ್ಕೆ. ಅಡ್ಡ ಕೊಯ್ತ ಚೆಂದ ಕೂಡಿಕೊಳ್ಳುತ್ತದೆ ಅಂತ ಹಾಕಿದರೆ, ರಿಪೋರ್ಟು ಸಾರ್ಕೋಮಾ ಬಂದ ದಿನ ಎಷ್ಟು ಚರ್ಮ ಹೋಗ್ತದೆ ಅಂತ ಯೋಚಿಸಿ. ಎಲ್ಲಕ್ಕಿಂತ ಒಳ್ಳೆಯದು ಕೊನೆಯ ಆಪರೇಷನ್ ಮಾಡುವವರೇ ದಾರಿ ಗುರುತು ಹಾಕುವುದು.

ಪಡುಬಿದ್ರಿ ಓದುಗ

ಒಬ್ಬರಿಗೇ ಮೈತುಂಬ ಇದ್ದರೆ? ಅದೂ ಕ್ಯಾನ್ಸರ್ ಕಡೆಗೆ ಹೋಗ್ತದಾ?

ಕುಂದಾಪುರ ಜಿಪಿ

ಹೆಚ್ಚಿನವು ಹೋಗುವುದಿಲ್ಲ, ಆದರೆ ಕಾರಣ ಹುಡುಕಬೇಕು. ಅಪ್ಪ, ಚಿಕ್ಕಪ್ಪ, ಅಣ್ಣ ಎಲ್ಲರ ಮುಂಗೈ–ತೊಡೆಯಲ್ಲಿ ನೋವಿಲ್ಲದ ಗೋಲಿಗಳಿದ್ದರೆ ಕುಟುಂಬದ ಲೈಪೋಮಾಟೋಸಿಸ್. ದಪ್ಪ ಮೈಯ ಹೆಂಗಸರಿಗೆ ಮೂರು ತಿಂಗಳಿಗಿಂತ ಹೆಚ್ಚು ಕಾಲ ಕೊಬ್ಬೇ ನೋಯುತ್ತಿದ್ದರೆ ಡರ್ಕಮ್ ಕಾಯಿಲೆ ಯೋಚಿಸಬೇಕು. ಥೈರಾಯ್ಡ್, ಫೈಬ್ರೋಮಯಾಲ್ಜಿಯಾ ಇತ್ಯಾದಿ ನೋಡಿ ಆದ ಮೇಲೆ ಮಾತ್ರ ಆ ಹೆಸರು. ವರ್ಷಗಟ್ಟಲೆ ಕುಡಿಯುವ ಗಂಡಸರಲ್ಲಿ ಕುತ್ತಿಗೆ, ಹೆಗಲು, ತೋಳಿಗೆ ಎರಡೂ ಬದಿ ಸಮನಾಗಿ ಕೊಬ್ಬು ಸುತ್ತಿಕೊಂಡರೆ ಮ್ಯಾಡೆಲಂಗ್ ಕಾಯಿಲೆ. ಅದಕ್ಕೆ ಕ್ಯಾಪ್ಸೂಲ್ ಇಲ್ಲ, ತೆಗೆದರೂ ಮತ್ತೆ ಬೆಳೆಯುತ್ತದೆ, ಕಾಲಿನ ನರಗಳೂ ಕೆಟ್ಟಿರಬಹುದು. ಮಲಗುವಾಗ ಉಸಿರು ಕಟ್ಟುತ್ತದಾ ಅಂತ ಕೇಳಿ. ಬೆನ್ನಿನ ಮೇಲ್ಭಾಗದ ಗೂನಿನಂಥ ಕೊಬ್ಬಿಗೆ ಮಾತ್ರೆ ಪಟ್ಟಿ ನೋಡಿ: ಸ್ಟಿರಾಯ್ಡ್ ತಿನ್ನುತ್ತಿದ್ದಾರಾ, ಎಚ್‌ಐವಿ ಔಷಧ ಉಂಟಾ. ಸಂಧಿನೋವಿಗೆ ಕೊಟ್ಟ ಹೆಸರಿಲ್ಲದ ಪುಡಿಯಲ್ಲೂ ಸ್ಟಿರಾಯ್ಡ್ ಇರಬಹುದು, ಅದನ್ನು ಕೇಳದೆ ಹೇಳುವುದಿಲ್ಲ.

ಬೆಂಚಿನ ಮೈಕ್ರೋಸ್ಕೋಪು

ಮಕ್ಕಳದ್ದು ಸೇರಿಸ್ತೇನೆ: ಮೂರು ವರ್ಷದ ಒಳಗೆ ಬೇಗ ಬೇಗ ಬೆಳೆಯುವ ಕೊಬ್ಬಿನ ಗಡ್ಡೆ ಅಂದರೆ ಮೊದಲು ಲೈಪೋಬ್ಲಾಸ್ಟೋಮಾ. 8ನೇ ಕ್ರೋಮೋಸೋಮಿನ ಪಿಎಲ್‌ಎಜಿ1 ಜೀನಿನ ಅದಲುಬದಲು. ಸಾದು, ಅಂಚಿಲ್ಲದೆ ಸ್ನಾಯುವಿನೊಳಗೆ ಹರಡಿದ ಬಗೆ ಮರಳುತ್ತದೆ, ಹಾಗಾಗಿ ಕೆಲವು ವರ್ಷ ನೋಡುತ್ತಿರಬೇಕು. ಅಷ್ಟು ಚಿಕ್ಕ ಮಗುವಿಗೆ ಲೈಪೋಸಾರ್ಕೋಮಾ ಅಂತ ರಿಪೋರ್ಟು ಬಂದರೆ ಸ್ಲೈಡು ಮತ್ತೊಮ್ಮೆ ಓದಿಸಿ.

ನಿಜವಾಗಿ ಹರಡುವವರ ಪೈಕಿ ಮಿಕ್ಸಾಯ್ಡಿನ ನಡವಳಿಕೆ ವಿಚಿತ್ರ. ಬೇರೆ ಸಾರ್ಕೋಮಾ ಶ್ವಾಸಕೋಶಕ್ಕೆ ಹೋದರೆ ಇದು ಬೆನ್ನೆಲುಬಿನ ಮಜ್ಜೆಗೆ, ಹೊಟ್ಟೆಯ ಹಿಂದಿನ ಕೊಬ್ಬಿಗೆ, ಇನ್ನೊಂದು ಕೈಕಾಲಿಗೆ ಹೋಗುತ್ತದೆ. ಬೋನ್ ಸ್ಕ್ಯಾನಿನಲ್ಲಿ, ಪೆಟ್‌ನಲ್ಲಿ ಕಾಣದೆ ತಪ್ಪಿಸಿಕೊಳ್ಳಬಹುದು, ಆದ್ದರಿಂದ ಬೆನ್ನೆಲುಬಿನ ಅಥವಾ ಇಡೀ ದೇಹದ ಎಂಆರ್‌ಐ ಕೇಳುತ್ತಾರೆ. ದುಂಡು ಕೋಶಗಳ ಭಾಗ ಶೇ. 5 ಮೀರಿದರೆ ಉಗ್ರ ದರ್ಜೆ. ಒಳ್ಳೆಯ ಸುದ್ದಿ ಅಂದರೆ ರೇಡಿಯೇಷನ್‌ಗೆ ಚೆನ್ನಾಗಿ ಕರಗುತ್ತದೆ.

ಗ್ರಾಸಿಂಗ್ ಟೇಬಲ್

ಲ್ಯಾಬ್ ಟೆಕ್ನಿಷಿಯನ್ ಕಡೆಯಿಂದ. ಎಲ್ಲರೂ ಫಿಶ್, ಜೀನ್ ಅಂತ ಮಾತಾಡ್ತಾ ಇದ್ದೀರಿ, ಆದರೆ ಕಳಿಸುವ ಡಬ್ಬಿಯಲ್ಲೇ ಅರ್ಧ ಕೆಲಸ ಹಾಳಾಗುತ್ತದೆ.

ಕೊಬ್ಬು ಫಾರ್ಮಲಿನಿನಲ್ಲಿ ತೇಲುತ್ತದೆ. ಅಡಿಭಾಗ ಗಟ್ಟಿಯಾಗಿ ಮೇಲ್ಭಾಗ ಗಾಳಿಗೆ ತೆರೆದು ಕೂತಿರುತ್ತದೆ, ನಮ್ಮ ಕರಾವಳಿ ಸೆಖೆಗೆ ಒಂದು ರಾತ್ರಿ ಸಾಕು ಕೊಳೆಯಲಿಕ್ಕೆ. ಫಾರ್ಮಲಿನ್ ಅದ್ದಿದ ಗಾಜ್ ತುಂಡನ್ನು ಮೇಲೆ ಮುಚ್ಚಿ, ಅಷ್ಟೇ. ಸಲೈನಿನಲ್ಲಿ ಹಾಕಿ ಸೋಮವಾರ ಕಳಿಸುವುದು ಬೇಡವೇ ಬೇಡ. ದ್ರವ ಗಡ್ಡೆಯ ಹತ್ತು ಪಟ್ಟು. ಒಂದು ಪಾಲು ಅಂಗಡಿಯ ಫಾರ್ಮಲಿನ್, ಒಂಬತ್ತು ಪಾಲು ನೀರು, ಲೀಟರಿಗೆ 4 ಗ್ರಾಂ ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್, 6.5 ಗ್ರಾಂ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್. ಈ ಉಪ್ಪು ಹಾಕದಿದ್ದರೆ ಹುಳಿಯಾಗಿ ಡಿಎನ್‌ಎ ಚೂರಾಗ್ತದೆ, ಆಮೇಲೆ ಫಿಶ್‌ನಲ್ಲಿ ಸಂಕೇತ ಬರುವುದಿಲ್ಲ.

ಅಗಲ ಬಾಯಿಯ ಡಬ್ಬಿ ಬೇಕು. ಹಿಗ್ಗಿಸಿ ಹಿಸುಕಿ ಸಣ್ಣ ಬಾಯಿಯ ಬಾಟಲಿಗೆ ತುರುಕಿದ್ದು ಗಟ್ಟಿಯಾದ ಮೇಲೆ ಹೊರಗೆ ಬರುವುದಿಲ್ಲ, ಬಾಟಲಿಯನ್ನೇ ಕೊಯ್ಯಬೇಕಾಗ್ತದೆ. ಅನುಮಾನ ಇರುವ ಗಡ್ಡೆಯನ್ನು ನೀವು ಸೀಳಬೇಡಿ, ಅಂಚು ನೋಡಲಿಕ್ಕೆ ಉಳಿಯುವುದಿಲ್ಲ. ಚಿಕ್ಕ ದಾರ ಮೇಲ್ಗಡೆಗೆ, ಉದ್ದ ದಾರ ಹೊರಬದಿಗೆ ಹೊಲಿದು ಅದೇ ದಿನ ತಲುಪಿಸಿ. ಇಲ್ಲಿ ಶಾಯಿ ಹಚ್ಚಿ 1 ಸೆಂ.ಮೀ. ಬಿಲ್ಲೆ ಮಾಡಿ ರಾತ್ರಿ ಇಡ್ತೇವೆ. ಕ್ಯಾಸೆಟ್ಟಿಗೆ ಹೋಗುವ ತುಂಡು 2–3 ಮಿ.ಮೀ.ಗಿಂತ ದಪ್ಪ ಆದರೆ ಮೇಣ ಒಳಗೆ ಇಳಿಯದೆ ಸೆಕ್ಷನ್ ಸ್ಲೈಡಿನಿಂದ ಕಳಚಿ ಹೋಗ್ತದೆ.

ಕುಂದಾಪುರ ಜಿಪಿ

ಎರಡನೇ ಉದಾಹರಣೆಗೆ ಪತ್ರ ಹೀಗೆ ಬರೆದರೆ ಸಾಕಾ: “61, ಹೆಂಗಸು. ಬಲ ತೊಡೆಯ ಒಳಬದಿ, ಪೊರೆಯ ಅಡಿ, 11 ಸೆಂ.ಮೀ., ಎರಡು ವರ್ಷದಿಂದ ಬೆಳೆಯುತ್ತಿದೆ, ಹಿಂದೆ ಆಪರೇಷನ್ ಆಗಿಲ್ಲ. ಕಾಂಟ್ರಾಸ್ಟ್ ಎಂಆರ್‌ಐ, ಆಮೇಲೆ ಕೋರ್ ಬಯಾಪ್ಸಿ, ಎಂಡಿಎಂ2 ಫಿಶ್ ಬೇಕಾಗಬಹುದು.”

ಬೆಂಚಿನ ಮೈಕ್ರೋಸ್ಕೋಪು

ಸಾಕು. ಎಂಆರ್‌ಐ ರಿಪೋರ್ಟಿನ ಪ್ರತಿಯೂ ಬಯಾಪ್ಸಿ ಜೊತೆ ಬರಲಿ.

ಗ್ರಾಸಿಂಗ್ ಟೇಬಲ್

ಹೆಸರಿನ ಚೀಟಿ ಡಬ್ಬಿಯ ಮೈಗೆ ಅಂಟಿಸಿ, ಮುಚ್ಚಳಕ್ಕಲ್ಲ. ಟೇಬಲ್ ಮೇಲೆ ಐದು ಡಬ್ಬಿಯ ಮುಚ್ಚಳ ಒಟ್ಟಿಗೆ ತೆಗೆದಿಟ್ಟಿರ್ತದೆ.